ಕಂಬಳಿಗೆ ಬಿದ್ದ ಹಳದಿ ಕಾರ್ಡು

ಆ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಯಾವಾಗಲೂ ಒಂದೆರಡು ಹಳದಿ ಕಾರ್ಡುಗಳು ಅಂಟಿಕೊಂಡಿರುತ್ತಿದ್ದವು. ಮನೆಯ ಯಜಮಾನಿ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು, ರಜೆಯ ದಿನ ಫುಟ್‌ಬಾಲ್ ರೆಫರಿ. ಮನೆಯಲ್ಲಿ ಯಾರು ತಪ್ಪು ಮಾಡಿದರೂ ಕಾರ್ಡಿನ ಮೇಲೆ ಅವರ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದಳು. ತಿಂಗಳ ಕೊನೆಯ ದಿನ ಎಲ್ಲ ಕಾರ್ಡುಗಳೂ ಇಳಿಯುತ್ತಿದ್ದವು. ಒಂದೇ ತಿಂಗಳಲ್ಲಿ ಎರಡು ಬಿದ್ದವರು ಒಂದು ವಾರ ಪಾತ್ರೆ ತೊಳೆಯಬೇಕು.

ಈ ವಿಷಯದಲ್ಲಿ ಅವಳು ಮುಖ ನೋಡುವವಳಲ್ಲ. ದರ್ಜಿಯಾಗಿದ್ದ ಗಂಡನಿಗೆ ಕುರ್ಚಿಯ ಮೇಲೆ ಗುಂಡುಪಿನ್ನು ಬಿಟ್ಟಿದ್ದಕ್ಕೆ ಕಾರ್ಡು ಬಿದ್ದಿತ್ತು. ಅತ್ತೆಗೆ ಊಟಕ್ಕೆ ಮೊದಲು ಮೊಮ್ಮಗಳಿಗೆ ಚಾಕಲೇಟು ಕೊಟ್ಟಿದ್ದಕ್ಕೆ ಬಿದ್ದಿತ್ತು, ಅದೂ ಮೂರು ತಿಂಗಳಲ್ಲಿ ನಾಲ್ಕು ಸಲ. ಗುಬ್ಬಿ ಅಂತ ಕರೆಯುತ್ತಿದ್ದ ಹನ್ನೊಂದು ವರ್ಷದ ಮಗಳ ಕಾರ್ಡುಗಳನ್ನು ಯಾರೂ ಎಣಿಸಿರಲಿಲ್ಲ. ಕಾನೂನು ಜಾರಿಗೆ ಬಂದ ಆರು ವರ್ಷದಲ್ಲಿ ಒಂದೂ ಕಾರ್ಡು ಬೀಳದವಳು ರೆಫರಿ ಒಬ್ಬಳೇ.

ಆ ತಿಂಗಳ ಒಂಬತ್ತನೇ ತಾರೀಖು ಬಿದ್ದ ಕಾರ್ಡಿನ ಮೇಲೆ 'ಕಂಬಳಿ' ಎಂಬ ಹೆಸರಿತ್ತು. ಕಂಬಳಿ ಅಂದರೆ ಮನೆಯ ನಾಯಿ.

"ಅದಕ್ಕೆ ನಿಯಮ ಬೇರೆ," ಎಂದಳು ಅವಳು. "ಪಾತ್ರೆ ತೊಳೆಯೋಕೆ ಅದಕ್ಕೆ ಬರಲ್ಲ. ಇನ್ನೊಂದು ಕಾರ್ಡು ಬಿದ್ರೆ ಕಲ್ಲುಕ್ವಾರಿ ವಾಚ್‌ಮನ್ ಹತ್ರ ಹೋಗುತ್ತೆ. ಅವನಿಗೆ ಹೇಳಿಟ್ಟಿದೀನಿ."

"ಅವನು ಸರಪಳಿ ಹಾಕಿ ಕಟ್ತಾನಮ್ಮ!" ಗುಬ್ಬಿ ನಾಯಿಯ ಕೊರಳು ತಬ್ಬಿಕೊಂಡಳು.

"ಕಟ್ಟಿದ್ರೆ ಯಾರನ್ನೂ ಮೂಲೆಗೆ ತಳ್ಳೋಕೆ ಆಗಲ್ವಲ್ಲ."

ಬಟಾಣಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಿದರು. "ಏನಮ್ಮಾ ರೆಫರಿ, ನಿಮ್ಮ ಆಟದಲ್ಲಿ ಎರಡು ಹಳದಿ ಸೇರಿ ಕೆಂಪಾದ್ರೆ ಆಟಗಾರನನ್ನ ಮೈದಾನದಿಂದ ತಾನೆ ಕಳಿಸೋದು? ಊರಿಂದಲೇ ಓಡಿಸ್ತಾರಾ?"

"ಅತ್ತೆ, ಮೊನ್ನೆ ಅದು ಮೂರು ಜನ ಗಿರಾಕಿಗಳನ್ನ ಇಸ್ತ್ರಿ ಮೇಜಿಗೂ ಕನ್ನಡಿಗೂ ಮಧ್ಯೆ ಒತ್ತಿ ನಿಲ್ಲಿಸಿತ್ತು. ಅದರಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರು. ಅಳತೆ ಕೊಡೋಕೆ ಅಂತ ಕೈ ಎತ್ತಿದ್ದವರು ಕಾಲು ಗಂಟೆ ಕೈ ಇಳಿಸಿಲ್ಲ."

"ಕಚ್ಚಿತಾ?"

"ಇಲ್ಲ."

"ಮತ್ತೆ? ಅಳತೆ ಸರಿಯಾಗಿ ಸಿಕ್ತಲ್ಲ!"

ದರ್ಜಿ ನಗು ತಡೆಯಲು ಬಾಯಿಗೆ ಅಳತೆಯ ಟೇಪು ಅಡ್ಡ ಹಿಡಿದ. ಹೆಂಡತಿ ತಿರುಗಿ ನೋಡಿದಳು. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಅಂಗಡಿಗೆ ಎದ್ದು ಹೋದ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನ ಮೂಲೆಯಲ್ಲಿ ಮನೆ. ಅಂಗಡಿಯ ಬಾಗಿಲಿಂದ ಟ್ರಾಫಿಕ್ ಪೊಲೀಸಿನ ಕಟ್ಟೆಗೆ ಹನ್ನೆರಡು ಹೆಜ್ಜೆ.

ಕಂಬಳಿ ಆ ಮನೆಗೆ ಬಂದದ್ದು ಅದೇ ತಿಂಗಳ ಒಂದನೇ ತಾರೀಖು. ಟೀಚರಮ್ಮನ ಸೋದರಮಾವ ಕುರಿ ಸಾಕುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಅರವತ್ತು ಕುರಿ ಮಾರಿ, ಮಗಳ ಫ್ಲ್ಯಾಟಿಗೆ ಹೋಗಿ ಸೇರಿಕೊಂಡರು. ಫ್ಲ್ಯಾಟಿನಲ್ಲಿ ನಾಯಿ ಸಾಕುವಂತಿರಲಿಲ್ಲ. ಬೂದು, ಕಪ್ಪು, ಕಂದು ಕೂದಲು ಕಲಸಿಹೋದ, ಒಂದು ಕಿವಿ ನೆಟ್ಟಗೆ ಇನ್ನೊಂದು ಮಡಚಿಕೊಂಡ, ಆರು ವರ್ಷದ ಆ ನಾಯಿಯನ್ನು ಅವರೇ ಆಟೋದಲ್ಲಿ ಕರೆತಂದರು.

"ಇವನು ಒಬ್ಬ ನಾಯಿ ಅಲ್ಲ, ಆರು ಆಳು," ಎಂದರು ಮಾವ, ತಮಗೆ ಕೇಳಿಸಬೇಕಾದಷ್ಟು ಜೋರಾಗಿ. ಅವರ ಕಿವಿ ಅಷ್ಟಕ್ಕಷ್ಟೆ. "ಕುರಿ ಹೊಡೀತಾನೆ. ಕೊಟ್ಟಿಗೆ ಕಾಯ್ತಾನೆ. ಇಲಿ ಹಿಡೀತಾನೆ. ಹಾಲಿನ ಗಾಡಿ ಎಳೀತಾನೆ. ಕೋಳಿ ಎಲ್ಲಿ ಕದ್ದು ಮೊಟ್ಟೆ ಇಟ್ರೂ ಹುಡುಕಿ ಪಕ್ಕದಲ್ಲಿ ಕೂತ್ಕೋತಾನೆ, ಮುಟ್ಟಲ್ಲ. ನನ್ನ ಮೊಮ್ಮಗನ್ನ ತೊಟ್ಟಿಲಲ್ಲಿ ಬಿಟ್ಟು ಹೋದ್ರೆ ಕಾಲಿನ ಹತ್ರ ಮಲಗಿ ನೊಣ ಸುಳಿಯೋಕೆ ಬಿಡ್ತಿರಲಿಲ್ಲ."

ಜೊತೆಗೊಂದು ಬಟ್ಟೆಚೀಲ ಕೊಟ್ಟರು. ಅದರಲ್ಲಿ ಇದ್ದದ್ದು ಮೂರು ವಸ್ತು: ತಗ್ಗುಬಿದ್ದ ಅಲ್ಯೂಮಿನಿಯಂ ಬಟ್ಟಲು, ಕೂದಲು ಬಾಚುವ ಬ್ರಷ್ಷು, ದಾರ ಕಟ್ಟಿದ ಒಂದು ಕಪ್ಪು ಸೀಟಿ.

"ಅಯ್ಯೋ, ಇದು ನಂದೇ ಹಳೇ ಸೀಟಿ!" ಎಂದು ಟೀಚರಮ್ಮ ಅದನ್ನು ಕೈಗೆತ್ತಿಕೊಂಡಳು. ಒಂಬತ್ತು ವರ್ಷದ ಹಿಂದೆ ಹೊಸದು ಕೊಂಡಾಗ ಮಾವನಿಗೆ ಕೊಟ್ಟಿದ್ದಳು. "ಎಷ್ಟು ಜೋಪಾನ ಮಾಡಿ ವಾಪಸ್ ತಂದಿದಾರೆ ನೋಡಿ."

ಮರುದಿನ ಅವಳು ಅದನ್ನು ಶಾಲೆಗೆ ಒಯ್ದು, ಚೆಂಡು ಬಲೆಗಳ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮನೆಯಲ್ಲಿ ಸೀಟಿ ಇರಕೂಡದು ಎನ್ನುವುದು ಕಾರ್ಡಿಗಿಂತ ಹಳೆಯ ಕಾನೂನು. ಮೂರು ವರ್ಷದ ಗುಬ್ಬಿ ಒಮ್ಮೆ ಅಮ್ಮನ ಬ್ಯಾಗಿನಿಂದ ಸೀಟಿ ತೆಗೆದು ಬೆಳಗಿನ ಐದಕ್ಕೆ ಊದಿ, ಓಣಿಯ ಹದಿನೇಳು ಮನೆಯ ದೀಪ ಹೊತ್ತಿಸಿದ್ದಳು. ಅಂದಿನಿಂದ ಮನೆಯಲ್ಲಿ ಸೀಟಿ ಊದುವುದು ಶಿಕ್ಷಾರ್ಹ ಅಪರಾಧ. ಅದಕ್ಕೆ ಎಚ್ಚರಿಕೆಯೂ ಇಲ್ಲ, ನೇರವಾಗಿ ಕಾರ್ಡು.

ಮಾವ ಹೇಳಿದ ಆರು ಆಳುಗಳಲ್ಲಿ ಮನೆಯವರಿಗೆ ಕಂಡದ್ದು ಒಂದೂವರೆ. ಬಟ್ಟೆಯ ಥಾನುಗಳ ಹಿಂದಿನ ಇಲಿಗಳು ಮೊದಲ ಮೂರು ದಿನದಲ್ಲೇ ಮುಗಿದವು. ಅಜ್ಜಿ ಸಂಜೆ ನಡೆದಾಡಲು ಹೊರಟರೆ ಕಂಬಳಿ ರಸ್ತೆಯ ಕಡೆಗೆ ನಿಂತು, ಅವರ ಕೋಲಿನ ಲಯಕ್ಕೆ ಹೆಜ್ಜೆ ಹಾಕುತ್ತಿತ್ತು. "ನನ್ನ ಮಗನೂ ಇಷ್ಟು ನಿಧಾನಕ್ಕೆ ನನ್ನ ಜೊತೆ ನಡೆದಿಲ್ಲ," ಎಂದು ಅಜ್ಜಿ ಮಗನಿಗೆ ಕೇಳುವಂತೆಯೇ ಹೇಳಿದರು.

ಮಿಕ್ಕ ಹೊತ್ತಿನಲ್ಲಿ ಅದರ ವರ್ತನೆ ಯಾರಿಗೂ ಅರ್ಥವಾಗಲಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ, ಮತ್ತೆ ಸಂಜೆ ನಾಲ್ಕರಿಂದ ಏಳರವರೆಗೆ ಕಂಬಳಿ ಕಂಡಕಂಡಲ್ಲಿ ದೊಪ್ಪನೆ ಬಿದ್ದುಕೊಳ್ಳುತ್ತಿತ್ತು. ಮೆಟ್ಟಿಲ ಮೇಲೆ, ಹೊಸ್ತಿಲ ಮೇಲೆ, ಒಮ್ಮೆ ಅನ್ನದ ಬಟ್ಟಲಿಗೆ ಬಾಯಿ ಹಾಕಿದಲ್ಲೇ. ಹಾಗೆ ಬಿದ್ದದ್ದು ಇದ್ದಕ್ಕಿದ್ದಂತೆ ಎದ್ದು ಊಟದ ಮೇಜಿಗೆ ಒಂದು ಸುತ್ತು ಹಾಕಿ ನಿಲ್ಲುತ್ತಿತ್ತು. ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಶಾಲೆಗೆ ಮಕ್ಕಳು ಹೋಗುವ ಮತ್ತು ಶಾಲೆ ಬಿಡುವ ಹೊತ್ತಿಗೆ, ಮನೆಯಲ್ಲಿ ಯಾರಿದ್ದರೂ ಮೊಣಕಾಲ ಹಿಂದೆ ಮೂಗಿನಿಂದ ತಿವಿದು, ಒಂದು ಮೂಲೆಗೆ ಒಟ್ಟುಮಾಡಿ, ಎದುರಿಗೆ ಕೂತು ನೋಡುತ್ತಿತ್ತು. ರಾತ್ರಿಯೂ ಸರಿಯಾಗಿ ಮಲಗುತ್ತಿರಲಿಲ್ಲ. ತಲೆ ನೆಲಕ್ಕೆ ಇಡುತ್ತಿತ್ತು, ಕಣ್ಣು ತೆರೆದೇ ಇರುತ್ತಿತ್ತು.

ಮಾವನಿಗೆ ಫೋನು ಮಾಡಿದ್ದಾಯಿತು.

"ಮಾವ, ನಾಯಿ ಎಲ್ಲರನ್ನೂ ಮೂಲೆಗೆ ತಳ್ಳುತ್ತೆ!"

"ಹೌದೌದು, ಬಲು ಕೆಲಸಗಾರ."

"ಮೂಲೆಗೆ! ತಳ್ಳುತ್ತೆ!"

"ಸಂತೋಷ ಮಗಳೇ, ಸಂತೋಷ," ಎಂದು ಮಾವ ಫೋನಿಟ್ಟರು.

ಒಂಬತ್ತನೇ ತಾರೀಖಿನ ಸಂಗತಿ ಹೀಗಿತ್ತು. ಬೆಳಿಗ್ಗೆ ಎಂಟು ನಲವತ್ತಕ್ಕೆ ಗುಬ್ಬಿ ಕಂಬಳಿಯನ್ನು ಹಗ್ಗ ಹಿಡಿದು ಸರ್ಕಲ್ಲು ದಾಟಿಸುತ್ತಿದ್ದಳು. ನಡುರಸ್ತೆಗೆ ಬಂದಾಗ ನಾಯಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿಬಿಟ್ಟಿತು. ಟ್ರಾಫಿಕ್ ಪೊಲೀಸ್ ಸೀಟಿ ಊದಿದ. ಅದು ಏಳಲಿಲ್ಲ. ಇನ್ನೂ ಉದ್ದವಾಗಿ ಊದಿದ. ಅದು ಗದ್ದವನ್ನೂ ನೆಲಕ್ಕೆ ಹಚ್ಚಿತು. ಅವನು ಕೆನ್ನೆ ಉಬ್ಬಿಸಿ ಊದಿದಷ್ಟೂ ಅದು ಟಾರಿಗೆ ಅಂಟಿಕೊಂಡಿತು. ಎರಡು ಬಸ್ಸು, ಒಂದು ಹಾಲಿನ ಟ್ಯಾಂಕರು, ಲೆಕ್ಕವಿಲ್ಲದಷ್ಟು ಸ್ಕೂಟರು ಏಳು ನಿಮಿಷ ನಿಂತವು. ಕೊನೆಗೆ ದರ್ಜಿ ಓಡಿ ಬಂದು ಅದನ್ನು ಹಿಟ್ಟಿನ ಮೂಟೆಯಂತೆ ಹೊತ್ತುಕೊಂಡು ಹೋದ.

ಸಂಜೆ ಪೊಲೀಸಪ್ಪ ಮನೆಗೇ ಬಂದ. "ಟೀಚರಮ್ಮ, ಹದಿನಾಲ್ಕು ವರ್ಷ ಸರ್ವೀಸು ನಂದು. ನನ್ನ ಸೀಟಿಗೆ ಲಾರಿ ನಿಲ್ಲುತ್ತೆ, ಮಿನಿಸ್ಟ್ರ ಕಾರು ನಿಲ್ಲುತ್ತೆ. ನಿಮ್ಮ ನಾಯಿ ಮಾತ್ರ ಕ್ಯಾರೇ ಅನ್ನಲ್ಲ. ಕಿವುಡಾ?"

"ಕಿವುಡಲ್ಲ. ಡಾಕ್ಟ್ರು ನೋಡಿದಾರೆ."

"ಹಾಗಾದ್ರೆ ಕೊಬ್ಬು."

ಪೊಲೀಸರ ಮುಂದೆ ಮನೆಯ ಮರ್ಯಾದೆ ಹೋಯಿತೆಂದು ಟೀಚರಮ್ಮನಿಗೆ ಕೆಂಡದಂಥ ಕೋಪ. ಆ ರಾತ್ರಿ ಫ್ರಿಜ್ಜಿಗೆ ಕಂಬಳಿಯ ಕಾರ್ಡು ಬಿತ್ತು.

ಸೀಟಿಗೂ ನಾಯಿಗೂ ಇದ್ದ ಸಂಬಂಧ ಆ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹದಿನೈದು ವರ್ಷ ಸರ್ಕಲ್ಲಿನ ಮೂಲೆಯಲ್ಲಿ ಬದುಕಿದ ಮನೆ ಅದು. ಗಿರಣಿಯ ಪಕ್ಕದವರಿಗೆ ಗಿರಣಿಯ ಸದ್ದು ಕೇಳಿಸದ ಹಾಗೆ ಅವರಿಗೆ ಪೊಲೀಸಿನ ಸೀಟಿ ಕೇಳಿಸುವುದು ಎಂದೋ ನಿಂತಿತ್ತು. ಸ್ವತಃ ಊದಿ ನೋಡೋಣವೆಂದರೆ ಮನೆಯಲ್ಲಿ ಸೀಟಿಯೇ ಇರಲಿಲ್ಲ.

ಅಂದಿನಿಂದ ಗುಬ್ಬಿ ದಿನಗಳನ್ನು ಎಣಿಸತೊಡಗಿದಳು. ತಿಂಗಳು ಮುಗಿದರೆ ಕಾರ್ಡು ಇಳಿಯುತ್ತದೆ. ಅಲ್ಲಿಯವರೆಗೆ ಕಂಬಳಿ ಇನ್ನೊಂದು ತಪ್ಪು ಮಾಡಬಾರದು. ಗಿರಾಕಿ ಬಂದರೆ ಅದನ್ನು ಹಿತ್ತಲಿಗೆ ಎಳೆದೊಯ್ದಳು. ರಸ್ತೆಗೆ ಇಳಿಸುವುದನ್ನೇ ಬಿಟ್ಟಳು. ಅದರ ಕಿವಿಯಲ್ಲಿ ದಿನವೂ ಬುದ್ಧಿ ಹೇಳಿದಳು. ಹತ್ತು, ಹನ್ನೆರಡು, ಹದಿನೈದು ಎಂದು ದಿನಗಳು ಸುಸೂತ್ರವಾಗಿ ಕಳೆದವು.

ಇಪ್ಪತ್ತೊಂದನೇ ತಾರೀಖು ಹೆಣ್ಣುಮಕ್ಕಳ ಅಂತರಶಾಲಾ ಫೈನಲ್. ಬೇರೆ ಎರಡು ಶಾಲೆಗಳ ನಡುವಿನ ಪಂದ್ಯ, ಆದ್ದರಿಂದ ಟೀಚರಮ್ಮನೇ ರೆಫರಿ. ಹೊರಡುವಾಗ ಬಾಗಿಲಲ್ಲಿ ನಿಂತು, ಮೊದಲು ಅತ್ತೆಯನ್ನು, ಆಮೇಲೆ ಮಗಳನ್ನು ನೋಡಿ ಹೇಳಿದಳು.

"ನೀವಿಬ್ಬರೂ ಬನ್ನಿ. ನಾಯಿ ಬೇಡ. ಅದು ಮೈದಾನದೊಳಗೆ ಕಾಲಿಟ್ರೆ ಎರಡನೇ ಕಾರ್ಡು, ಅಲ್ಲೇ, ಆಗಲೇ."

ಎಲ್ಲರೂ ಒಪ್ಪಿದರು. ಕಂಬಳಿಯನ್ನು ದರ್ಜಿಯ ವಶಕ್ಕೆ ಬಿಟ್ಟು, ಅಜ್ಜಿ ಮೊಮ್ಮಗಳು ಮೂರಕ್ಕೇ ಮೈದಾನಕ್ಕೆ ನಡೆದರು. ಮನೆಯಿಂದ ಅರ್ಧ ಕಿಲೋಮೀಟರು.

ಮೂರು ಮುಕ್ಕಾಲಕ್ಕೆ ದರ್ಜಿಯ ಫೋನು ಹೊಡೆದುಕೊಂಡಿತು. ನೀಲಿ ತಂಡದ ಜೆರ್ಸಿ ಹೊಲಿದವನು ಅವನೇ.

"ರೀ, ಈ ತಂಡದಲ್ಲಿ ಇಬ್ಬರು ಆರನೇ ನಂಬರಿನವರು ಇದಾರೆ!"

"ಇರೋಕೆ ಸಾಧ್ಯವೇ ಇಲ್ಲ."

"ನನ್ನ ಕಣ್ಣೆದುರಿಗೆ ನಿಂತಿದಾರೆ. ಒಂಬತ್ತನ್ನ ತಲೆಕೆಳಗು ಹೊಲಿದಿದೀರಿ. ಒಂದೇ ನಂಬರಿನ ಇಬ್ಬರನ್ನ ಆಡಿಸೋ ಹಾಗಿಲ್ಲ. ಹದಿನೈದು ನಿಮಿಷ ಟೈಮಿದೆ, ಸೂಜಿ ದಾರ ತಗೊಂಡು ಓಡಿ ಬನ್ನಿ."

ದರ್ಜಿ ಸೂಜಿ, ದಾರ, ಕತ್ತರಿ ಜೇಬಿಗೆ ಹಾಕಿಕೊಂಡು ಸೈಕಲ್ಲು ಹತ್ತಿದ. ಬಾಗಿಲು ಎಳೆದುಕೊಂಡ, ಚಿಲಕ ಹಾಕಲಿಲ್ಲ. ಮೈದಾನ ತಲುಪಿ, ಒಂಬತ್ತನ್ನು ಬಿಚ್ಚಿ, ನೆಟ್ಟಗೆ ಮಾಡಿ, ಹುಡುಗಿಯ ಬೆನ್ನ ಮೇಲೇ ಹೊಲಿದು, ಹಲ್ಲಿನಲ್ಲಿ ದಾರ ಕತ್ತರಿಸಿ ತಿರುಗಿದರೆ ಸೈಕಲ್ಲಿನ ಪಕ್ಕದಲ್ಲಿ ಕಂಬಳಿ ನಾಲಿಗೆ ಚಾಚಿ ಕೂತಿತ್ತು.

"ಕೆಟ್ಟೆ," ಎಂದ ದರ್ಜಿ.

ಅಜ್ಜಿ ತಮ್ಮ ಶಾಲನ್ನು ಅದರ ಕೊರಳ ಪಟ್ಟಿಗೆ ಕಟ್ಟಿ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡರು. "ನಮ್ಮ ಮುಂದೆ ಗಲಾಟೆ ಮಾಡದೆ ಕೂರಲಿ. ಗೆರೆಯ ಹೊರಗೆ ಇದ್ದರೆ ಯಾವ ಕಾನೂನೂ ಇಲ್ಲ."

ನಾಲ್ಕು ಗಂಟೆಗೆ ಟೀಚರಮ್ಮ ಆಟ ಶುರುಮಾಡಲು ಒಂದು ಸಲ ಉದ್ದ ಸೀಟಿ ಊದಿದಳು. ಕಂಬಳಿ ದೊಪ್ಪನೆ ನೆಲಕ್ಕೆ ಬಿತ್ತು.

"ನೋಡು, ಎಷ್ಟು ಒಳ್ಳೆಯವನು," ಎಂದರು ಅಜ್ಜಿ.

ಹತ್ತನೇ ನಿಮಿಷಕ್ಕೆ ಯಾರೋ ಯಾರನ್ನೋ ಎಡವಿಸಿದರು. ಸೀಟಿ. ಎದ್ದು ಕೂತಿದ್ದ ಕಂಬಳಿ ಮತ್ತೆ ಬಿತ್ತು. ಹದಿನೇಳನೇ ನಿಮಿಷಕ್ಕೆ ನೀಲಿ ತಂಡದ ಒಂಬತ್ತನೇ ನಂಬರಿನವಳು ಗೋಲು ಹೊಡೆದಳು. ಸೀಟಿ. ಜನ ಎದ್ದು ಕೂಗಿದರು, ಕಂಬಳಿ ಮಲಗಿತು. ಗುಬ್ಬಿ ಆಟ ನೋಡುವುದನ್ನು ಬಿಟ್ಟು ನಾಯಿಯನ್ನೇ ನೋಡತೊಡಗಿದಳು.

ಅರ್ಧ ಆಟ ಮುಗಿದಾಗ ಎರಡು ಸಲ ಚುಟುಕಾಗಿ ಸೀಟಿ ಕೇಳಿಸಿತು. ಕಂಬಳಿ ಬಾಣದಂತೆ ಎದ್ದಿತು. ಅಜ್ಜಿಯ ಕೈಯಿಂದ ಶಾಲು ಜಾರಿತು. ನಾಯಿ ಬಿಳಿ ಗೆರೆಯ ಹೊರಗೆಯೇ, ಹಿಂದೆ ಶಾಲು ಹಾರಿಸಿಕೊಂಡು, ಇಡೀ ಮೈದಾನಕ್ಕೆ ಒಂದು ಸುತ್ತು ಓಡಿ, ಹೊರಟ ಜಾಗಕ್ಕೇ ಬಂದು ಕೂತಿತು. ಜನ ಚಪ್ಪಾಳೆ ಹೊಡೆದರು. ನಡುಮೈದಾನದಲ್ಲಿ ನಿಂತ ರೆಫರಿ ಗಂಡನ ಕಡೆಗೆ ಒಂದು ಬೆರಳು ತೋರಿಸಿದಳು. ಅಷ್ಟೇ. ನಾಯಿ ಗೆರೆ ದಾಟಿರಲಿಲ್ಲ.

"ಅಜ್ಜಿ!" ಗುಬ್ಬಿಯ ಕಣ್ಣುಗಳು ಅಗಲವಾಗಿದ್ದವು. "ಒಂದು ಊದಿದ್ರೆ ಮಲಗ್ತಾನೆ. ಎರಡು ಊದಿದ್ರೆ ಸುತ್ತು ಹಾಕ್ತಾನೆ. ಮನೆಯಲ್ಲೂ ಹೀಗೇ ತಾನೆ ಮಾಡೋದು? ಸರ್ಕಲ್ ಸೀಟಿಗೆ! ಅವತ್ತು ರಸ್ತೆಯಲ್ಲಿ ಪೊಲೀಸ್ ಮಾಮ ಊದಿದ್ದಕ್ಕೇ ಮಲಗಿದ್ದು. ಅವನು ಕೊಬ್ಬಿನವನಲ್ಲ, ಹೇಳಿದ್ದು ಕೇಳ್ತಿದ್ದ!"

ದರ್ಜಿ ಮತ್ತು ಅಜ್ಜಿ ಮುಖ ಮುಖ ನೋಡಿಕೊಂಡರು. ಹದಿನೈದು ವರ್ಷದಿಂದ ಕೇಳಿಸದಿದ್ದ ಸೀಟಿಗಳೆಲ್ಲ ಒಟ್ಟಿಗೆ ಕಿವಿಗೆ ಬಡಿದಂತಾಯಿತು.

"ಹಾಗಾದ್ರೆ ಗಿರಾಕಿಗಳನ್ನ ಮೂಲೆಗೆ ತಳ್ಳೋದು?" ಎಂದ ದರ್ಜಿ.

"ಶಾಲೆ ಮಕ್ಕಳು ದಾಟುವಾಗ ಪೊಲೀಸಪ್ಪ ನಾಲ್ಕೂ ಕಡೆ ನಿಲ್ಲಿಸೋಕೆ ಮೂರು ಸಲ ಉದ್ದ ಊದ್ತಾನೆ," ಎಂದರು ಅಜ್ಜಿ ನಿಧಾನವಾಗಿ. "ಮೂರಕ್ಕೆ ಎಲ್ಲರನ್ನೂ ಒಟ್ಟುಮಾಡೋದು."

ಗುಬ್ಬಿಯ ಮುಖದ ನಗು ಅಲ್ಲೇ ನಿಂತಿತು. ಫುಟ್‌ಬಾಲ್ ಪಂದ್ಯ ಮುಗಿದಾಗ ರೆಫರಿ ಎಷ್ಟು ಸಲ ಊದುತ್ತಾಳೆ ಎನ್ನುವುದು ರೆಫರಿಯ ಮಗಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅಷ್ಟರಲ್ಲಿ ಎರಡನೇ ಅರ್ಧ ಶುರುವಾಗಿತ್ತು, ಉಳಿದಿದ್ದದ್ದು ಮೂವತ್ತು ನಿಮಿಷ.

ಮನೆಗೆ ಕರೆದೊಯ್ಯಲು ನೋಡಿದರು. ಅಜ್ಜಿ, ಗುಬ್ಬಿ, ರೆಫರಿ ಮೂವರೂ ಇದ್ದ ಜಾಗ ಬಿಟ್ಟು ಕಂಬಳಿ ಒಂದು ಹೆಜ್ಜೆ ಕದಲಲಿಲ್ಲ. ಹೊತ್ತೊಯ್ಯೋಣವೆಂದರೆ, ಮೈದಾನದಲ್ಲಿ ಊದುವ ಒಂದೊಂದು ಸೀಟಿಗೂ ದರ್ಜಿಯ ತೋಳಿನಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಚೆಂಡು ಹೊರಗೆ ಹೋದಾಗ ಗುಬ್ಬಿ ಗೆರೆಯ ಅಂಚಿಗೆ ಓಡಿ, "ಅಮ್ಮಾ, ಮೂರು ಊದಬೇಡ!" ಎಂದು ಕೂಗಿದಳು.

"ಗೆರೆಯಿಂದ ಆಚೆ!" ಎಂದಳು ರೆಫರಿ, ತಿರುಗಿಯೂ ನೋಡದೆ.

"ಎರಡೇ ಊದು!"

"ಪ್ರೇಕ್ಷಕರು ಆಚೆ!"

ಕೆಂಪು ತಂಡ ಒಂದು ಗೋಲು ಹೊಡೆದು ಸಮ ಮಾಡಿತು. ಕೊನೆಯ ನಿಮಿಷದಲ್ಲಿ ನೀಲಿ ತಂಡದ ಒಂದು ಚೆಂಡು ಕೆಂಪು ತಂಡದ ಗೋಲ್‌ಕೀಪರ್ ಹುಡುಗಿಯ ಕೈಯೊಳಗಿಂದ ಜಾರಿ ಬಲೆ ಸೇರಿತು. ಎರಡು ಒಂದು. ದರ್ಜಿ ಎರಡೂ ಕೈಯಲ್ಲಿ ಕೊರಳ ಪಟ್ಟಿ ಹಿಡಿದು ಕೂತಿದ್ದ. ಅಜ್ಜಿ ಶಾಲು ಹಿಡಿದಿದ್ದರು. ಗುಬ್ಬಿ ನಾಯಿಯ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದ್ದಳು.

ಐದು ಗಂಟೆ ಹತ್ತು ನಿಮಿಷಕ್ಕೆ ರೆಫರಿ ಗಡಿಯಾರ ನೋಡಿ ಮೂರು ಸಲ ಉದ್ದ ಸೀಟಿ ಊದಿದಳು.

ಕೊರಳ ಪಟ್ಟಿ ದರ್ಜಿಯ ಕೈಯಲ್ಲಿ ಉಳಿಯಿತು, ಶಾಲು ಅಜ್ಜಿಯ ಕೈಯಲ್ಲಿ ಉಳಿಯಿತು, ನಾಯಿ ಉಳಿಯಲಿಲ್ಲ.

ಮುಂದೆ ನಡೆದದ್ದಕ್ಕೆ ಸುಮಾರು ನಾನೂರು ಜನ ಸಾಕ್ಷಿ. ಕಂಬಳಿ ಮೊದಲು ಮೈದಾನದ ಆ ತುದಿಗೆ ಹೋಯಿತು. ಕುಣಿಯುತ್ತಿದ್ದ ನೀಲಿ ಹುಡುಗಿಯರನ್ನು ಒಬ್ಬೊಬ್ಬರಾಗಿ ಮೊಣಕಾಲ ಹಿಂದೆ ತಿವಿದು ನಡುವೃತ್ತಕ್ಕೆ ನಡೆಸಿತು. ಕಿರುಚಿಕೊಂಡು ಓಡಿದವರನ್ನು ಓಡಿದ ಕಡೆಯಿಂದಲೇ ಸುತ್ತುಹಾಕಿ ತಂದಿತು. ಕೆಂಪು ತಂಡದ ಹತ್ತು ಜನರನ್ನು ಇನ್ನೊಂದು ಕಡೆಯಿಂದ ತಂದು ಅವರಿಗೇ ಸೇರಿಸಿತು. ಎರಡೂ ಗೆರೆಗಳಿಂದ ಬಾವುಟ ಹಿಡಿದ ಇಬ್ಬರು ಸಹಾಯಕ ರೆಫರಿಗಳನ್ನು ತಂದಿತು. ಆಗಷ್ಟೇ ಬಹುಮಾನದ ಕಪ್ಪು ಹಿಡಿದುಕೊಂಡು ಮೈದಾನಕ್ಕೆ ಇಳಿದಿದ್ದ ಕ್ರೀಡಾ ಸಂಘದ ಕಾರ್ಯದರ್ಶಿಯನ್ನೂ ಬಿಡಲಿಲ್ಲ. "ಏಯ್, ನಾನು ಆಟಗಾರನಲ್ಲಪ್ಪ!" ಎನ್ನುತ್ತಲೇ ಅವರು ವೃತ್ತ ಸೇರಿದರು.

ಆಮೇಲೆ ನಿಂತು ಎಲ್ಲರನ್ನೂ ಒಮ್ಮೆ ನೋಡಿತು. ಒಬ್ಬಳು ಕಡಿಮೆ ಇದ್ದಳು.

ಚೆಂಡು ಜಾರಬಿಟ್ಟ ಕೆಂಪು ತಂಡದ ಗೋಲ್‌ಕೀಪರ್, ಗೋಲುಕಂಬಕ್ಕೆ ಒರಗಿ, ಕೈಗವಸಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಕಂಬಳಿ ಅವಳನ್ನು ತಿವಿಯಲಿಲ್ಲ. ಪಕ್ಕದಲ್ಲಿ ಕೂತು ಕಾಯಿತು. ಅವಳು ಕೈ ತೆಗೆದು ನೋಡಿದಾಗ ಒಂದು ಕಿವಿ ನೆಟ್ಟಗೆ ಒಂದು ಮಡಚಿದ ಆ ಮುಖ ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅವಳು ಅಳುತ್ತಲೇ ನಕ್ಕಳು. ಎದ್ದು, ಅದರ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಇಡೀ ಅರ್ಧ ಮೈದಾನ ನಡೆದು ಬಂದಳು. ಎರಡೂ ತಂಡದವರು ಅವಳಿಗೆ ಚಪ್ಪಾಳೆ ಹೊಡೆದರು.

ಕೊನೆಗೆ ಕಂಬಳಿ ರೆಫರಿಯ ಹಿಂದೆ ಹೋಗಿ, ಅವಳ ಮೊಣಕಾಲಿಗೂ ಒಮ್ಮೆ ತಿವಿದು, ಗುಂಪಿನೊಳಕ್ಕೆ ಸೇರಿಸಿ, ಎದುರಿಗೆ ಕೂತಿತು. ಇಪ್ಪತ್ತಾರು ಜನ. ರೆಫರಿಯ ಗಡಿಯಾರ ಇನ್ನೂ ಓಡುತ್ತಿತ್ತು: ಕೊನೆಯ ಸೀಟಿ ಊದಿ ಎರಡು ನಿಮಿಷ ನಲವತ್ತು ಸೆಕೆಂಡು.

ಟೀಚರಮ್ಮನ ಕೈ ಎದೆಯ ಜೇಬಿಗೆ ಹೋಯಿತು. ಹಳದಿ ಕಾರ್ಡಿನ ಅಂಚು ಕಂಡಿತು. ಗುಬ್ಬಿ ಅಷ್ಟರಲ್ಲಿ ಓಡಿ ಬಂದಿದ್ದಳು. ಅವಳಿಗೆ ಏದುಸಿರು.

"ಅಮ್ಮಾ, ಹೊರಗಿನವರಿಗೆ ಕಾರ್ಡು ತೋರಿಸೋಕೆ ಬರಲ್ಲ! ನೀನೇ ಹೇಳಿಕೊಟ್ಟಿದ್ದು. ಆಟಗಾರರಿಗೆ, ತಂಡದವರಿಗೆ ಮಾತ್ರ. ಅವನು ಎರಡೂ ಅಲ್ಲ!"

"ಕಾನೂನು ಸರಿಯಾಗಿದೆ," ಎಂದರು ವೃತ್ತದೊಳಗಿನಿಂದ ಕಾರ್ಯದರ್ಶಿ, ಕಪ್ಪನ್ನು ಎದೆಗೆ ಅವಚಿಕೊಂಡು.

"ಮತ್ತೆ ಅವನು ಸೀಟಿಗೆ ಕೆಲಸ ಮಾಡ್ತಾನಮ್ಮ. ಒಂದು ಊದಿ ನೋಡು. ಒಂದೇ ಒಂದು."

ಟೀಚರಮ್ಮ ಮಗಳ ಮುಖ ನೋಡಿದಳು. ಕಾರ್ಡು ಬಿಟ್ಟು ಸೀಟಿ ತುಟಿಗಿಟ್ಟುಕೊಂಡಳು. ಒಂದು ಉದ್ದ. ಕಂಬಳಿ ನೆಲಕ್ಕೆ ಅಂಟಿತು. ಎರಡು ಚುಟುಕು. ಗುಂಪಿಗೆ ಒಂದು ಸುತ್ತು ಹಾಕಿ ನಿಂತಿತು. ಮತ್ತೆ ಒಂದು. ಮಲಗಿತು. ಹುಡುಗಿಯರು ಕೇಕೆ ಹಾಕಿದರು. ಅವಳು ಮಾತ್ರ ನಗಲಿಲ್ಲ. ಹತ್ತು ವರ್ಷ ನೂರಾರು ಮಕ್ಕಳಿಗೆ ಸೀಟಿ ಕೇಳುವುದನ್ನು ಕಲಿಸಲು ಗಂಟಲು ಹರಿದುಕೊಂಡವಳು ಅವಳು. ಮೊದಲ ಸೀಟಿಗೇ ಹೀಗೆ ಕೇಳುವ ಯಾರನ್ನೂ ಈವರೆಗೆ ಕಂಡಿರಲಿಲ್ಲ.

"ಏಳು ನಿಮಿಷ," ಎಂದಳು ತನ್ನಷ್ಟಕ್ಕೇ. "ಬಸ್ಸು ಬಂದು ಮೂಗಿನ ಹತ್ತಿರ ನಿಂತರೂ ಏಳಲಿಲ್ಲ."

ಸಂಜೆ ಆರಕ್ಕೆ ಅಡುಗೆಮನೆಯಿಂದ ಮಾವನಿಗೆ ಫೋನು ಹೋಯಿತು. ಈ ಸಲ ಮಾವನ ಮಗಳು ಫೋನು ಹಿಡಿದು, ಅಪ್ಪನ ಕಿವಿಯ ಹತ್ತಿರ ಕೂಗಿ ಕೇಳಿ, ಉತ್ತರ ಹೇಳುತ್ತ ಹೋದಳು. ಹಲ್ಲು ಹೋದ ಮೇಲೆ ಮಾವನಿಗೆ ಬಾಯಲ್ಲಿ ಶಿಳ್ಳೆ ಹಾಕಲು ಆಗುತ್ತಿರಲಿಲ್ಲ. ಅವತ್ತಿನಿಂದ ಸೋದರಸೊಸೆ ಕೊಟ್ಟ ಸೀಟಿಯಲ್ಲೇ ಕುರಿ ಕಾದದ್ದು, ನಾಯಿ ಮರಿಯಾಗಿದ್ದಾಗಿನಿಂದ ಕಲಿಸಿದ್ದು.

ಹಿಂದಿನಿಂದ ಮಾವನ ದನಿಯೂ ಕೇಳಿಸಿತು. "ಸೀಟಿ ಚೀಲದಲ್ಲೇ ಇಟ್ಟಿದ್ದೆನಲ್ಲ! ಬಟ್ಟಲಿನ ಜೊತೆ! ಅದಿಲ್ಲದೆ ಇಷ್ಟು ದಿನ ಅವನ ಜೊತೆ ಹೇಗೆ ಮಾತಾಡಿದ್ರಿ?"

ಆ ಸೀಟಿ ಶಾಲೆಯ ಬೀರುವಿನಲ್ಲಿ, ಅವಳೇ ಹಾಕಿದ ಬೀಗದೊಳಗಿತ್ತು.

"ಅಪ್ಪ ಕೇಳ್ತಿದಾರೆ," ಎಂದಳು ಮಾವನ ಮಗಳು, "ಸಂಜೆ ಬಿಡುವು ಕೊಡ್ತಿದೀರಾ ಅಂತ. ಒಂದು ಚುಟುಕು, ಒಂದು ಉದ್ದ. ಕೆಲಸ ಮುಗೀತು ಅಂತ ಅರ್ಥ. ಅದನ್ನ ಊದೋ ತನಕ ಅವನು ಮಲಗಲ್ಲವಂತೆ."

ಗುಬ್ಬಿ ಬೆರಳು ಮಡಚಿ ಎಣಿಸಿದಳು. ಒಂದನೇ ತಾರೀಖಿನಿಂದ ಇಪ್ಪತ್ತೊಂದನೇ ತಾರೀಖು. ಇಪ್ಪತ್ತೊಂದು ದಿನ ಕಂಬಳಿ ಒಂದು ಗಳಿಗೆಯೂ ಬಿಡುವಿಲ್ಲದೆ ಕೆಲಸದಲ್ಲಿತ್ತು. ಈಗಲೂ ಬಾಗಿಲ ಹತ್ತಿರ, ನಾಲ್ವರೂ ಕಾಣುವ ಜಾಗದಲ್ಲಿ, ಕಣ್ಣು ತೆರೆದುಕೊಂಡು ಬಿದ್ದಿತ್ತು.

ಟೀಚರಮ್ಮ ಬ್ಯಾಗು ತೆರೆದಳು. ಫೈನಲ್ಲಿಗೆ ಒಯ್ದಿದ್ದ ಸೀಟಿ ಇನ್ನೂ ಅದರಲ್ಲೇ ಇತ್ತು. ಮೊದಲು ಕಿಟಕಿ ಮುಚ್ಚಿದಳು, ನೆರೆಯವರ ಮೇಲಿನ ಮರ್ಯಾದೆಗೆ. ಆಮೇಲೆ ಊದಿದಳು: ಒಂದು ಚುಟುಕು, ಒಂದು ಉದ್ದ.

ಕಂಬಳಿ ತಲೆ ಎತ್ತಿ ಅವಳನ್ನು ನೋಡಿತು. ಎದ್ದು, ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಒಮ್ಮೆ ಮೈ ಕೊಡವಿತು. ಅಜ್ಜಿಯ ಕಾಲ ಬುಡಕ್ಕೆ ಬಂದು, ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆತ್ತಿ, ಹೊಟ್ಟೆ ತೋರಿಸಿಕೊಂಡು ಹೊರಳಾಡಿತು. ನಿಮಿಷದೊಳಗೆ ಗೊರಕೆ ಶುರುವಾಯಿತು. ದರ್ಜಿಯ ಗೊರಕೆಗಿಂತ ಒಂದು ಮಟ್ಟ ಜಾಸ್ತಿ ಎಂದರು ಅಜ್ಜಿ.

"ಅವನು ಎಲ್ಲಿಗೂ ಹೋಗಲ್ಲ," ಎಂದಳು ಟೀಚರಮ್ಮ. "ಕ್ವಾರಿಯವನಿಗೆ ನಾನೇ ಫೋನು ಮಾಡ್ತೀನಿ."

ಗುಬ್ಬಿ ಕೂಗಾಡಲಿಲ್ಲ, ಕುಣಿಯಲಿಲ್ಲ. ಗಂಭೀರವಾಗಿ ಕುರ್ಚಿ ಎಳೆದುಕೊಂಡು ಹತ್ತಿ, ಫ್ರಿಜ್ಜಿನ ಮೇಲಿನ ಡಬ್ಬ ತೆರೆದು ಒಂದು ಖಾಲಿ ಹಳದಿ ಕಾರ್ಡು ತೆಗೆದಳು. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದು, ದಪ್ಪ ಅಕ್ಷರದಲ್ಲಿ 'ಅಮ್ಮ' ಎಂದು ಬರೆದು, ಕಂಬಳಿಯ ಕಾರ್ಡಿನ ಪಕ್ಕದಲ್ಲೇ ಅಂಟಿಸಿದಳು.

"ಯಾಕೆ?" ಎಂದಳು ಅಮ್ಮ.

"ಮನೆಯಲ್ಲಿ ಸೀಟಿ ಊದಿದ್ದಕ್ಕೆ."

ಅಜ್ಜಿ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಎರಡೂ ಕೈಯಿಂದ ಚಪ್ಪಾಳೆ ಹೊಡೆದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳಿದಾರಾ!"

ರೆಫರಿ ಕಾರ್ಡನ್ನು ಹತ್ತಿರದಿಂದ ನೋಡಿದಳು. ವಾಲಿಕೊಂಡಿದ್ದ ಅದನ್ನು ನೆಟ್ಟಗೆ ಮಾಡಿದಳು. ಆಮೇಲೆ ಸೀಟಿಯ ದಾರವನ್ನು ಒಲೆಯ ಪಕ್ಕದ ಮೊಳೆಗೆ, ಎಲ್ಲರ ಕೈಗೂ ಸಿಗುವ ಎತ್ತರದಲ್ಲಿ, ನೇತುಹಾಕಿದಳು.

"ನಾಳೆ ಸಂಜೆ ಮತ್ತೆ ಊದಬೇಕಲ್ಲ," ಎಂದ ದರ್ಜಿ, ಲೆಕ್ಕ ಹಾಕುತ್ತ. "ಎರಡನೇ ಕಾರ್ಡು. ಒಂದು ವಾರ ಪಾತ್ರೆ."

"ನಾಳೆ ನೀವು ಊದ್ತೀರಿ," ಎಂದಳು ಹೆಂಡತಿ.